ಕಡಲ ದಂಡೆ ಉದ್ದಕ್ಕೂ ಕ್ಯಾರವಾನ್ ಟ್ರಿಪ್: ರಾತ್ರಿ ಎಲ್ಲಿ ನಿಲ್ಸೋದು, ಹೆಂಗೆ ಆರಿಸೋದು

ಮೊದ್ಲೇ ಹೇಳ್ಬಿಡ್ತೀನಿ, ಸಮುದ್ರ ನೋಡ್ಬೇಕು ಅಂತಾನೇ ಹೊರಟಿದ್ರೂ ಸಮುದ್ರ ಕಾಣೋ ಕಡೇನೇ ಮಲಗ್ಬೇಕು ಅನ್ನೋ ಹಠ ಮಾತ್ರ ಬಿಟ್ಬಿಡಿ. ನಾವು ಮೊದಲ ಸಲ ಕ್ಯಾರವಾನ್, ಅಂದ್ರೆ ಕಾರಿನ ಹಿಂದೆ ಕಟ್ಟೋ ಮನೆ-ಗಾಡಿ, ಎಳ್ಕೊಂಡು ಹೋದಾಗ ದಿನಾ ಇದೇ ಹಠ, ಕಿಟಕಿ ತೆಗೆದ್ರೆ ಅಲೆ ಕಾಣ್ಬೇಕು, ಬಾಗಿಲು ತೆಗೆದ್ರೆ ಮರಳು ಸಿಗ್ಬೇಕು, ಮೂರು ವಾರ ಮುಗಿಯೋ ಹೊತ್ತಿಗೆ ಒಂದು ಆನಿಂಗ್ (ಗಾಡಿ ಪಕ್ಕಕ್ಕೆ ಬಿಚ್ಚೋ ನೆರಳಿನ ಚಪ್ಪರ) ಮುರಿದಿತ್ತು, ಮೆಟ್ಟಿಲಿನ ಹಿಂಜ್‌ಗೆ ತುಕ್ಕು ಬಂದಿತ್ತು, ನಿದ್ದೆ ಇಲ್ದೆ ಇಬ್ರಿಗೂ ಮಾತಿಗೆ ಮಾತು ಬೆಳೀತಿತ್ತು. ಆಮೇಲೆ ತಲೆಗೆ ಹೋಗಿದ್ದು ಇಷ್ಟೇ, ನೋಡೋ ಜಾಗ ಬೇರೆ, ಮಲಗೋ ಜಾಗ ಬೇರೆ. ಸಂಜೆ ಐದಕ್ಕೆ ಫೋಟೋದಲ್ಲಿ ಚಂದ ಬರೋ ಜಾಗ ರಾತ್ರಿ ಎರಡಕ್ಕೆ ಹೆಂಗಿರತ್ತೆ ಅಂತ ಕೇಳ್ಕೊಂಡು ಆರಿಸೋಕೆ ಶುರು ಮಾಡಿದ ಮೇಲೇ ನಮ್ಮ ಟ್ರಿಪ್ಪುಗಳು ಒಂದು ಹದಕ್ಕೆ ಬಂದಿದ್ದು. ಎಳೆಯೋ ಕ್ಯಾರವಾನ್ ಆಗ್ಲಿ, ತಾನೇ ಓಡೋ ಮನೆ-ಗಾಡಿ ಅಂದ್ರೆ ಮೋಟರ್‌ಹೋಮ್ ಆಗ್ಲಿ, ಹೆಚ್ಚುಕಮ್ಮಿ ಲೆಕ್ಕ ಒಂದೇ.

ದಿನಕ್ಕೆ ಎಷ್ಟು ದೂರ

ಜಾಗ ಆರಿಸೋದು ಶುರು ಆಗೋದೇ ದೂರದಿಂದ. ಆರ್‌ವಿ, ಅಂದ್ರೆ ಇಂಥ ಮನೆ-ಗಾಡಿ, ಓಡಿಸೋರ ಮಧ್ಯೆ 3-3-3 ಅಂತ ಒಂದು ಹಳೇ ಲೆಕ್ಕ ಇದೆ, ದಿನಕ್ಕೆ 300 ಮೈಲಿ ದಾಟಬೇಡ, ಮಧ್ಯಾಹ್ನ 3ರೊಳಗೆ ತಲುಪು, ಒಂದು ಕಡೆ 3 ರಾತ್ರಿ ಇರು ಅಂತ. 300 ಮೈಲಿ ಅಂದ್ರೆ ಸುಮಾರು 480 ಕಿಲೋಮೀಟರ್, ದೊಡ್ಡ ಹೈವೇಲಿ ಆಗ್ಬಹುದೇನೋ, ಕಡಲ ಪಕ್ಕದ ರಸ್ತೇಲಿ ಅದನ್ನ ಮಾಡೋಕೆ ಹೋದ್ರೆ ಸಂಜೆ ಹೊತ್ತಿಗೆ ಭುಜ ಬಿದ್ದು ಹೋಗತ್ತೆ. ಯಾಕಂದ್ರೆ ದಂಡೆ ರಸ್ತೆ ನೇರ ಇರಲ್ಲ, ಪ್ರತಿ ಅಳಿವೆಗೂ ಒಳಗೆ ಹೋಗಿ ಸೇತುವೆ ದಾಟಿ ಮತ್ತೆ ಹೊರಗೆ ಬರ್ಬೇಕು, ಇಲ್ಲಾಂದ್ರೆ ಫೆರ್ರಿಗೆ ಕಾಯ್ಬೇಕು, ಮೇಲೆ ಪ್ರತಿ ಐದು ಕಿಲೋಮೀಟರ್‌ಗೂ ಯಾರಾದ್ರೂ ಒಬ್ರು ಗಾಡಿ ನಿಲ್ಸು ನಿಲ್ಸು ಅಂತಾನೇ ಇರ್ತಾರೆ. ನನ್ನ ಲೆಕ್ಕ ದಿನಕ್ಕೆ 150ರಿಂದ 200 ಕಿಲೋಮೀಟರ್ ಅಷ್ಟೇ. ಮ್ಯಾಪ್ ಕಾರಿನ ಟೈಮ್ ತೋರಿಸತ್ತೆ, ಅದಕ್ಕೆ ಕಾಲು ಭಾಗನಾದ್ರೂ ಸೇರಿಸಿ. ಒಂದ್ಸಲ ಜಾಸ್ತಿ ಓಡಿಸೋ ದಿನ ಬಂದೇ ಬರತ್ತೆ, ಬರಲಿ, ಆದ್ರೆ ಅದರ ಮಾರನೇ ದಿನ ಗಾಡಿ ಅಲ್ಲಾಡಬಾರದು.

ಇನ್ನೊಂದು ಚಿಕ್ಕ ವಿಷಯ, ಯಾವ ದಿಕ್ಕಿಂದ ಹೋಗೋದು ಅಂತ ಆಯ್ಕೆ ಇದ್ರೆ ಸಮುದ್ರ ನಿಮ್ಮ ಲೇನ್ ಕಡೆ ಇರೋ ಹಾಗೆ ನೋಡ್ಕೊಳ್ಳಿ. ಎಡಗಡೆ ಓಡಿಸೋ ದೇಶ ಆದ್ರೆ ಸಮುದ್ರ ಎಡಕ್ಕೆ, ಬಲಗಡೆ ಓಡಿಸೋ ದೇಶ ಆದ್ರೆ ಬಲಕ್ಕೆ. ಪಕ್ಕಕ್ಕೆ ಎಳೆದು ನಿಲ್ಸೋ ಜಾಗ ಎಲ್ಲಾ ನಿಮ್ಮ ಕಡೆಗೇ ಸಿಗತ್ತೆ, 12 ಮೀಟರ್ ಉದ್ದದ ಗಾಡಿ ಇಟ್ಕೊಂಡು ಎದುರಿಗೆ ಬರೋ ಟ್ರಾಫಿಕ್ಕಿಗೆ ಅಡ್ಡ ತಿರುಗಿಸೋ ಕಷ್ಟ ಇಲ್ಲ.

ಎಲ್ಲಾ ರಾತ್ರಿನೂ ಒಂದೇ ಥರ ಬೇಡ

ರಾತ್ರಿ ಇರೋ ಜಾಗಗಳು ಮೂರು ಥರ ಅಂದ್ಕೊಳ್ಳಿ. ಒಂದು, ಕರೆಂಟು ನೀರು ಸ್ನಾನದ ಮನೆ ಬಟ್ಟೆ ಒಗೆಯೋ ಮೆಷಿನ್ ಎಲ್ಲಾ ಇರೋ ಪೂರ್ತಿ ಕ್ಯಾಂಪ್‌ಸೈಟ್. ಎರಡು, ಬರೀ ಜಾಗ, ಹೆಚ್ಚಂದ್ರೆ ಒಂದು ನಲ್ಲಿ ಒಂದು ಡಂಪ್ ಪಾಯಿಂಟು (ಟಾಯ್ಲೆಟ್, ಕೊಳೆನೀರು ಸುರಿಯೋ ಜಾಗ). ಮೂರು, ರಾತ್ರಿ ನಿಲ್ಸೋಕೆ ಬಿಡೋ ಪಾರ್ಕಿಂಗ್, ಏನೂ ಇರಲ್ಲ, ಬೆಳಿಗ್ಗೆ ಎದ್ದು ಹೊರಡೋದು. ಎಲ್ಲಾ ದಿನ ಮೊದಲನೇದ್ರಲ್ಲೇ ಇದ್ರೆ ದುಡ್ಡು ಹೋಗತ್ತೆ, ಪಕ್ಕದ ಗಾಡಿಯವರ ಟೀವಿ ಕೇಳ್ತಾ ಕೂತ ಹಾಗಾಗತ್ತೆ. ಎಲ್ಲಾ ದಿನ ಮೂರನೇದ್ರಲ್ಲೇ ಇದ್ರೆ ನಾಲ್ಕನೇ ದಿನಕ್ಕೆ ಟಾಯ್ಲೆಟ್ ಕ್ಯಾಸೆಟ್ (ಟಾಯ್ಲೆಟ್ ಕೆಳಗಿನ ಹೊರಗೆ ತೆಗೆಯೋ ಡಬ್ಬ) ತುಂಬಿರತ್ತೆ, ನೀರು ಖಾಲಿ, ಬ್ಯಾಟರಿ ಖಾಲಿ, ಹಾಕ್ಕೊಳ್ಳೋಕೆ ಒಗೆದ ಬಟ್ಟೆ ಇಲ್ಲ. ಅದಕ್ಕೇ ನಾವು ಟ್ರಿಪ್ಪನ್ನ ಕಟ್ಟೋದು ಪೂರ್ತಿ ಕ್ಯಾಂಪ್‌ಸೈಟ್‌ಗಳ ಮೇಲೆ, ನಾಲ್ಕೈದು ದಿನಕ್ಕೊಂದು ಅಂತ ಮೊದ್ಲು ಮ್ಯಾಪಲ್ಲಿ ಗುರುತು ಹಾಕಿ ಬುಕ್ ಮಾಡ್ಬಿಡ್ತೀವಿ, ಮಧ್ಯದ ರಾತ್ರಿಗಳನ್ನ ಖಾಲಿ ಬಿಡ್ತೀವಿ. ಆ ಖಾಲಿ ಬಿಟ್ಟಿರೋದೇ ಟ್ರಿಪ್ಪಿನ ಜೀವ. ಗಾಳಿ ಜಾಸ್ತಿ ಇದ್ರೆ ಒಳಗೆ ಹೋಗ್ಬಹುದು, ಜಾಗ ಇಷ್ಟ ಆದ್ರೆ ಇನ್ನೊಂದು ರಾತ್ರಿ ಉಳೀಬಹುದು. ಎಲ್ಲಾ ರಾತ್ರಿನೂ ಮೊದ್ಲೇ ಬುಕ್ ಮಾಡೋರು ಹವಾಮಾನದ ಜೊತೆ ಜಗಳ ಆಡೋಕೆ ಹೊರಟ ಹಾಗೆ. ರಜೆ ಸೀಸನ್ನಲ್ಲಿ ಮತ್ತೆ ವಾರದ ಕೊನೇಲಿ ಮಾತ್ರ ಈ ಧೈರ್ಯ ಮಾಡ್ಬೇಡಿ, ಶುಕ್ರವಾರ ಶನಿವಾರದ ರಾತ್ರಿ ಕಡಲ ಪಕ್ಕ ಎಲ್ಲೂ ಜಾಗ ಉಳಿಯಲ್ಲ.

ಕ್ಯಾಸೆಟ್ ಸಾಮಾನ್ಯವಾಗಿ 18ರಿಂದ 20 ಲೀಟರ್, ಇಬ್ರಿಗೆ ಎರಡು ಮೂರು ದಿನ ಬರತ್ತೆ. ಕುಡಿಯೋಕೆ ಅಡುಗೆಗೆ ಪಾತ್ರೆಗೆ ಕೈಕಾಲಿಗೆ ಅಂತ ಹಿಡಿತದಲ್ಲಿ ಬಳಸಿದ್ರೆ ಒಬ್ರಿಗೆ ದಿನಕ್ಕೆ 10ರಿಂದ 15 ಲೀಟರ್ ನೀರು ಸಾಕು, ಗಾಡೀಲೇ ಶವರ್ ಮಾಡಿದ್ರೆ ಲೆಕ್ಕ ತಪ್ಪತ್ತೆ. ಈ ಎರಡು ನಂಬರ್ ತಲೇಲಿದ್ರೆ ಮುಂದಿನ ಪೂರ್ತಿ ಕ್ಯಾಂಪ್‌ಸೈಟ್ ಯಾವಾಗ ಬೇಕು ಅಂತ ತಾನಾಗೇ ಗೊತ್ತಾಗತ್ತೆ.

ಹೊರಡೋ ಮುಂಚೆ ಮೇಲಿಂದ ನೋಡಿ

ಪ್ರತಿ ಜಾಗನೂ ಸ್ಯಾಟಲೈಟ್ ವ್ಯೂನಲ್ಲಿ ಜೂಮ್ ಮಾಡಿ ನೋಡೋದು ಹತ್ತು ನಿಮಿಷದ ಕೆಲಸ, ಅದನ್ನ ಮಾಡದೆ ನಾನು ಪಟ್ಟ ಪಾಡು ಕೇಳಿ. ಒಂದು ಬೀಚ್ ಪಾರ್ಕಿಂಗ್, ವಿಶಾಲವಾದ ಜಾಗ ಅಂತ ಎಲ್ರೂ ಬರೆದಿದ್ರು, ಹೋದ್ವಿ, ಗಲ್ಲಿ ಥರದ ರಸ್ತೆ ಕೊನೇಲಿ 2.1 ಮೀಟರ್‌ಗೆ ಅಡ್ಡ ಕಬ್ಬಿಣದ ಕಂಬಿ. ನಮ್ಮ ಗಾಡಿ 2.7. ಹಿಂದೆ ಆರು ಕಾರು. ಕ್ಯಾರವಾನ್ ಬಿಚ್ಚಿ ಕೈಯಲ್ಲಿ ತಳ್ಳಿ ತಿರುಗಿಸಿ ಮತ್ತೆ ಕಟ್ಟೋ ಹೊತ್ತಿಗೆ ಆ ಆರು ಕಾರಿನವರೂ ಇಳಿದು ಬಂದು ಸಲಹೆ ಕೊಡೋಕೆ ಶುರು ಮಾಡಿದ್ರು, ಅದು ಇನ್ನೊಂದು ಕಥೆ. ಬೀಚ್ ಪಾರ್ಕಿಂಗ್‌ಗಳಲ್ಲಿ ಇಂಥ ಹೈಟ್ ಬ್ಯಾರಿಯರ್ ಬಹಳ ಕಡೆ ಇರತ್ತೆ, ನಮ್ಮಂಥೋರು ರಾತ್ರಿ ನಿಲ್ಲಬಾರದು ಅಂತಾನೇ ಹಾಕಿರೋದು. ಸ್ಟ್ರೀಟ್ ವ್ಯೂ ಇದ್ರೆ ಕಣ್ಣಾರೆ ಕಾಣತ್ತೆ. ನಿಮ್ಮ ಗಾಡಿ ಎತ್ತರ, ಅಗಲ, ಒಟ್ಟು ಉದ್ದ ಮೂರನ್ನೂ ಒಂದು ಚೀಟಿಲಿ ಬರೆದು ಸ್ಟೀರಿಂಗ್ ಹತ್ರ ಅಂಟಿಸಿ, ಎತ್ತರದಲ್ಲಿ ಮೇಲಿನ ಎಸಿ ಡಬ್ಬ, ಸೋಲಾರ್, ಆಂಟೆನಾ ಸೇರಿರಬೇಕು.

ಮೇಲಿಂದ ನೋಡುವಾಗ ನಾನು ಹುಡುಕೋದು ಇವನ್ನ: ಒಳಗೆ ಹೋದ ಮೇಲೆ ಹಿಂದಕ್ಕೆ ಬರದೇ ಸುತ್ತಿ ಹೊರಗೆ ಬರೋ ದಾರಿ ಇದೆಯಾ, ಹಿಂದೆ ಗಿಡ ಮರ ದಿಬ್ಬ ಏನಾದ್ರೂ ಗಾಳಿಗೆ ಮರೆ ಇದೆಯಾ, ಪಕ್ಕದಲ್ಲಿ ರೈಲ್ವೆ ಲೈನ್ ಇದೆಯಾ (ಕಡಲ ಪಕ್ಕದ ನೆಲ ಸಮತಟ್ಟು, ಅದಕ್ಕೇ ರೈಲು ಹಳಿನೂ ಬಹಳ ಕಡೆ ಅಲ್ಲೇ ಹಾಕಿರ್ತಾರೆ), ಮೀನುಗಾರಿಕೆ ಬಂದರು ಎಷ್ಟು ದೂರ, ಮತ್ತೆ ಎತ್ತರದ ನೆಲ ಯಾವ ಕಡೆ. ಭೂಕಂಪ ಆಗೋ ಕರಾವಳಿ ಆದ್ರೆ ಈ ಕೊನೇದು ತಮಾಷೆ ಅಲ್ಲ, ನೆಲ ಜೋರಾಗಿ ಅಥವಾ ತುಂಬಾ ಹೊತ್ತು ನಡುಗಿದ್ರೆ, ಇಲ್ಲಾ ನೀರು ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ಸರಿದ್ರೆ ಸೈರನ್ನಿಗೆ ಕಾಯಬಾರದು, ಗಾಡಿ ಅಲ್ಲೇ ಬಿಟ್ಟು ಎತ್ತರಕ್ಕೆ ನಡೀಬೇಕು, ದಾರಿ ಮೊದ್ಲೇ ಗೊತ್ತಿರಬೇಕು.

ರಾತ್ರಿ ನಿಲ್ಲೋ ಜಾಗ ಹುಡುಕೋ ಆ್ಯಪ್‌ಗಳು ಬೇಕಾದಷ್ಟಿವೆ, ಪಾರ್ಕ್‌ಫೋರ್‌ನೈಟ್, ಐಓವರ್‌ಲ್ಯಾಂಡರ್, ವಿಕಿಕ್ಯಾಂಪ್ಸ್, ಯಾವ ದೇಶ ಅನ್ನೋದ್ರ ಮೇಲೆ ಒಂದೊಂದು ಚೆನ್ನಾಗಿ ಕೆಲಸ ಮಾಡತ್ತೆ. ಸ್ಟಾರ್ ನೋಡಬೇಡಿ. ರಿವ್ಯೂ ಬರೆದ ತಿಂಗಳು ನೋಡಿ, ಆಮೇಲೆ ಬರೆದೋರ ಗಾಡಿ ಯಾವ್ದು ಅಂತ ನೋಡಿ. ಸೀಸನ್ ಮುಗಿದ ಮೇಲೆ ಬಂದೋರು ಎಷ್ಟು ಶಾಂತ ಅಂತ ಬರೆದಿರ್ತಾರೆ, ಅದೇ ಜಾಗ ರಜೆ ಟೈಮಲ್ಲಿ ಜಾತ್ರೆ. ಚಿಕ್ಕ ವ್ಯಾನಿನವರು ಆರಾಮಾಗಿ ಒಳಗೆ ಹೋದ್ವಿ ಅಂತಾರೆ, ಅವರಿಗೆ ಆರಾಮೇ. ನಾನಂತೂ ಮೊದ್ಲು ಓದೋದು ಎರಡು ಸ್ಟಾರ್ ಕೊಟ್ಟೋರ ಬರಹ, ಅದ್ರಲ್ಲೇ ಗಾಳಿ, ಸೊಳ್ಳೆ, ರಾತ್ರಿ ಬೈಕ್ ಓಡಿಸೋ ಹುಡುಗರು, ಪೊಲೀಸ್ ಬಂದು ಎಬ್ಬಿಸಿದ್ದು ಎಲ್ಲಾ ಇರತ್ತೆ.

ಗಾಳಿ

ಕಡಲ ಪಕ್ಕ ಜಾಗ ಆರಿಸೋದು ಅಂದ್ರೆ ಮುಕ್ಕಾಲು ಪಾಲು ಗಾಳಿ ಲೆಕ್ಕನೇ. ಬಿಸಿಲಿದ್ದ ದಿನ ನೆಲ ಸಮುದ್ರಕ್ಕಿಂತ ಬೇಗ ಕಾಯತ್ತೆ, ಬಿಸಿ ಗಾಳಿ ಮೇಲಕ್ಕೆ ಹೋಗತ್ತೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗತ್ತೆ, ಮಧ್ಯಾಹ್ನ ಎರಡು ಮೂರರ ಮೇಲೆ ಜೋರಾಗತ್ತೆ, ಕತ್ತಲಾಗ್ತಾ ಇಳಿಯತ್ತೆ. ಹಾಗಾಗಿ ನೀವು ನಾಲ್ಕು ಗಂಟೆಗೆ ಹೋಗಿ ನಿಂತಾಗ ಬೀಸ್ತಿರೋ ಗಾಳಿ ನೋಡಿ ಹೆದರಬೇಕಾಗಿಲ್ಲ, ಅದು ರಾತ್ರಿಗೆ ನಿಲ್ಲೋ ಗಾಳಿನೂ ಇರ್ಬಹುದು. ಹಾಗೇ ಬೆಳಿಗ್ಗೆ ಒಂಬತ್ತಕ್ಕೆ ಎಲೆ ಅಲ್ಲಾಡ್ತಿಲ್ಲ ಅಂತ ಆನಿಂಗ್ ಬಿಚ್ಚಿಟ್ಟು ವಾಕಿಂಗ್ ಹೋದ್ರೆ ಮಧ್ಯಾಹ್ನ ಬರೋ ಹೊತ್ತಿಗೆ ಅದು ಛಾವಣಿ ಮೇಲೆ ಮಗುಚಿ ಬಿದ್ದಿರತ್ತೆ, ನಮ್ಮದು ಮುರಿದಿದ್ದು ಹೀಗೇ. ಫೋರ್‌ಕಾಸ್ಟಲ್ಲಿ ಸರಾಸರಿ ವೇಗ ನೋಡೋದು ಬಿಟ್ಟು ಗಸ್ಟ್, ಅಂದ್ರೆ ಮಧ್ಯೆ ಮಧ್ಯೆ ಜೋರಾಗಿ ನುಗ್ಗೋ ಗಾಳಿ, ಎಷ್ಟು ಅಂತ ನೋಡಿ, ಗಾಡಿ ಅಲ್ಲಾಡಿಸೋದು ಅದೇ. ವೇಗ ಎರಡರಷ್ಟಾದ್ರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗತ್ತೆ, ಗಂಟೆಗೆ 30 ಕಿಲೋಮೀಟರ್ ಗಾಳಿ ಮಜಾ ಅನ್ಸಿದ್ರೆ 60ರದ್ದು ಅದರ ಎರಡರಷ್ಟು ಅಂತ ತಿಳ್ಕೋಬೇಡಿ. ಗಸ್ಟ್ 50 ದಾಟತ್ತೆ ಅಂದ್ರೆ ನಾನು ಕ್ಯಾರವಾನ್ ಎಳೆಯೋಕೇ ಹೋಗಲ್ಲ, ಅದರಲ್ಲೂ ಅಳಿವೆ ಮೇಲಿನ ಉದ್ದ ಸೇತುವೆ ಇರೋ ದಾರೀಲಿ. ಭಯ ಅಂತೀರಾ, ಅಂದ್ಕೊಳ್ಳಿ.

ಯಾವ ಕಡೆಯಿಂದ ಗಾಳಿ ಜಾಸ್ತಿ ಅಂತ ಆ್ಯಪ್ ಬೇಡ, ಮರ ನೋಡಿ. ದಂಡೇಲಿರೋ ಮರಗಳು ವರ್ಷಗಟ್ಟಲೆ ಗಾಳಿ ತಿಂದು ಒಂದೇ ಕಡೆ ಬಾಗಿರ್ತವೆ, ಕೊಂಬೆ ಎಲ್ಲಾ ಒಂದೇ ಪಕ್ಕಕ್ಕೆ ಬಾಚಿದ ಹಾಗೆ. ಅದು ಗಾಳಿ ಹೋಗೋ ದಿಕ್ಕು. ಗಾಡಿಯ ಸಣ್ಣ ಮುಖ, ಅಂದ್ರೆ ಮುಂಭಾಗ, ಗಾಳಿ ಬರೋ ಕಡೆಗೆ ಇರ್ಲಿ, ಉದ್ದದ ಪಕ್ಕ ಗಾಳಿಗೆ ಅಡ್ಡ ನಿಂತ್ರೆ ರಾತ್ರಿಯೆಲ್ಲಾ ದೋಣೀಲಿ ಮಲಗಿದ ಹಾಗೆ. ಬಾಗಿಲು ಗಾಳಿಯ ಮರೆಗೆ ಇರ್ಬೇಕು, ಇಲ್ಲಾಂದ್ರೆ ತೆಗೆದ ಕ್ಷಣ ಕೈಯಿಂದ ಕಿತ್ಕೊಂಡು ಹೋಗತ್ತೆ. ಗ್ಯಾಸಲ್ಲಿ ಓಡೋ ಫ್ರಿಡ್ಜ್ ಇದ್ರೆ ಅದರ ಹೊರಗಿನ ಜಾಲರಿ ಇರೋ ಪಕ್ಕಕ್ಕೆ ಗಾಳಿ ಹೊಡೀದ ಹಾಗೆ ನೋಡ್ಕೊಳ್ಳಿ, ಒಳಗಿನ ಜ್ವಾಲೆ ಆರಿ ಹೋಗಿ ಬೆಳಿಗ್ಗೆ ಹಾಲು ಒಡೆದಾಗ್ಲೇ ಗೊತ್ತಾಗೋದು.

ಮರೆ ಅಂದಾಗ ಗೋಡೆಗಿಂತ ಗಿಡದ ಸಾಲು ಒಳ್ಳೇದು. ಗಟ್ಟಿ ಗೋಡೆ ಮೇಲೆ ಹಾರಿ ಬಂದ ಗಾಳಿ ಆಚೆ ಕಡೆ ಸುಳಿ ಸುತ್ತತ್ತೆ, ಗಿಡದ ಸಾಲು ಜರಡಿ ಥರ ಸೋಸಿ ಬಿಡತ್ತೆ. ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಅದರ ಮರೆ ಸಿಗತ್ತೆ, ಅಂದ್ರೆ ನಾಲ್ಕು ಮೀಟರ್ ಬೇಲಿಗೆ 40 ಮೀಟರ್, ಅಂಟಿಕೊಂಡೇ ನಿಲ್ಲಬೇಕಾಗಿಲ್ಲ, ಒಣ ಕೊಂಬೆ ತಲೆ ಮೇಲೆ ಬೀಳೋ ಅಷ್ಟು ಹತ್ರ ಅಂತೂ ಬೇಡ್ವೇ ಬೇಡ. ನದಿ ಕಣಿವೆ ಸಮುದ್ರ ಸೇರೋ ಬಾಯಿ, ಬಂಡೆ ತುದಿ, ಎರಡು ಗುಡ್ಡದ ಮಧ್ಯ, ಈ ಮೂರು ಕಡೆ ಗಾಳಿ ಹಿಂಡಿಕೊಂಡು ಇನ್ನೂ ಜೋರಾಗಿ ಬರತ್ತೆ. ಬಂಡೆ ತುದಿಗೆ ಇನ್ನೊಂದು ಕಾರಣಕ್ಕೂ ಹೋಗಬಾರದು, ಕೆಳಗೆ ಅಲೆ ಕೊರೆದು ಟೊಳ್ಳಾಗಿರತ್ತೆ, ಮೇಲೆ ನಿಂತೋರಿಗೆ ಕಾಣಲ್ಲ, ಮಳೆ ಬಿದ್ದ ಮೇಲಂತೂ ಯಾವಾಗ ಕುಸಿಯತ್ತೆ ಹೇಳೋಕಾಗಲ್ಲ. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡ್ರೆ ಫೋಟೋನೂ ಬೇಡ, ಹಿಂದಕ್ಕೆ ಬನ್ನಿ.

ಉಬ್ಬರ ಇಳಿತ

ಇದನ್ನ ಅರ್ಥ ಮಾಡ್ಕೊಳ್ಳದೇ ನೀರಿನ ಹತ್ರ ಗಾಡಿ ನಿಲ್ಸಬೇಡಿ. ಬಹಳಷ್ಟು ಕರಾವಳೀಲಿ ದಿನಕ್ಕೆ ಎರಡು ಸಲ ನೀರು ಏರತ್ತೆ ಎರಡು ಸಲ ಇಳಿಯತ್ತೆ, ಒಂದು ಏರಿಕೆಯಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗತ್ತೆ. ನಿನ್ನೆ ಸಂಜೆ ಆರಕ್ಕೆ ನೀರು ಇಲ್ಲಿವರೆಗೆ ಬಂದಿತ್ತು ಅಂದ್ರೆ ಇವತ್ತು ಏಳರ ಹತ್ರ ಬರತ್ತೆ. ಅಮಾವಾಸ್ಯೆ ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಏರಿಕೆ ಜಾಸ್ತಿ, ಮಾರ್ಚ್ ಸೆಪ್ಟೆಂಬರ್ ಹೊತ್ತಿನ ಅಮಾವಾಸ್ಯೆ ಹುಣ್ಣಿಮೆಗೆ ಇನ್ನೂ ಜಾಸ್ತಿ. ಕ್ಯಾಲೆಂಡರ್ ನೋಡಿದ್ರೆ ಅರ್ಧ ಕೆಲಸ ಆಯ್ತು.

ಎಷ್ಟು ಏರತ್ತೆ ಅನ್ನೋದು ಜಾಗಕ್ಕೊಂದು ಥರ. ಮೆಡಿಟರೇನಿಯನ್‌ನಲ್ಲಿ ಬಹುತೇಕ ಕಡೆ ಅರ್ಧ ಮೀಟರ್ ಕೂಡ ಇಲ್ಲ, ಕೆನಡಾದ ಫಂಡಿ ಕೊಲ್ಲಿಲಿ 16 ಮೀಟರ್‌ವರೆಗೂ ಹೋಗತ್ತೆ, ಐದು ಮಹಡಿ ಮನೆ ಎತ್ತರ. ಹಾಗಾಗಿ ಹಿಂದಿನ ಟ್ರಿಪ್ಪಿನ ಅಂದಾಜು ಇಲ್ಲಿ ತರಬೇಡಿ, ಹತ್ತಿರದ ಬಂದರಿನ ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ತೆಗೆದು ನೋಡಿ. ಅಳಿವೆ ಒಳಗಿದ್ರೆ ಬಾಯಿಗಿಂತ ತಡವಾಗಿ ಏರತ್ತೆ ಅನ್ನೋದೂ ನೆನಪಿರ್ಲಿ.

ಜನ ಮೋಸ ಹೋಗೋದು ಏರೋ ವೇಗದಲ್ಲಿ. ಆರು ಗಂಟೆ ಏರಿಕೇನ ಹನ್ನೆರಡು ಪಾಲು ಮಾಡಿ, ಮೊದಲ ಗಂಟೇಲಿ 1 ಪಾಲು, ಎರಡನೇದ್ರಲ್ಲಿ 2, ಮೂರು ನಾಲ್ಕನೇದ್ರಲ್ಲಿ 3 ಮತ್ತೆ 3, ಐದನೇದ್ರಲ್ಲಿ 2, ಕೊನೇಲಿ 1. ದೋಣಿಯವರ ಹಳೇ ಲೆಕ್ಕ ಇದು. ಮೊದಲ ಗಂಟೆ ನೋಡ್ತಾ ಕೂತು ಏನೂ ಏರ್ತಿಲ್ಲ ಅಂತ ಮಲಗಿದ್ರೆ ಮಧ್ಯದ ಎರಡು ಗಂಟೇಲಿ ಅರ್ಧ ಏರಿಕೆ ಆಗಿಹೋಗಿರತ್ತೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗೋ ರಸ್ತೆ ದಿನಕ್ಕೆರಡು ಸಲ ಮುಳುಗತ್ತೆ, ಸೇಫ್ ಟೈಮ್ ಬೋರ್ಡ್ ಹಾಕಿದ್ರೂ ಕಾರುಗಳು ಸಿಕ್ಕಿಹಾಕ್ಕೊಳ್ತಾನೇ ಇರ್ತವೆ. ಹವಾಮಾನನೂ ಸೇರತ್ತೆ, ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದ್ರೆ ನೀರಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರತ್ತೆ, ಬಿರುಗಾಳಿ ಬರೋ ದಿನ 30 ಇಳಿದಿದ್ರೆ 30 ಸೆಂಟಿಮೀಟರ್, ಅದರ ಮೇಲೆ ದಡದ ಕಡೆ ಗಾಳಿ ತಳ್ಳೋದು ಬೇರೆ, ಅಲೆ ಬೇರೆ, ಟೇಬಲಲ್ಲಿ ಇದ್ಯಾವುದೂ ಇರಲ್ಲ.

ಕಣ್ಣಲ್ಲಿ ನೋಡೋ ಗುರುತು ಒಂದಿದೆ. ದಡದಲ್ಲಿ ಒಣಗಿದ ಕಡಲಕಳೆ, ಕಡ್ಡಿ, ಪ್ಲಾಸ್ಟಿಕ್ ಬಾಟಲಿ ಎಲ್ಲಾ ಒಂದು ಗೆರೆ ಎಳೆದ ಹಾಗೆ ಬಿದ್ದಿರತ್ತೆ, ಅದು ಕಳೆದ ಏರಿಕೆ ಬಂದು ನಿಂತ ಗೆರೆ. ಅಲ್ಲಿಗೆ ನಿಲ್ಲಬೇಡಿ, ಇನ್ನೂ ಮೇಲೆ ಹುಡುಕಿ, ಇನ್ನೊಂದು ಹಳೇ ಗೆರೆ ಸಿಗತ್ತೆ, ದೊಡ್ಡ ಮರದ ತುಂಡು ಗಿಡದ ಬುಡಕ್ಕೆ ಸಿಕ್ಕಿರತ್ತೆ, ಅದು ಬಿರುಗಾಳಿ ದಿನದ್ದು. ಮಲಗೋದು ಆ ಎರಡನೇ ಗೆರೆಗಿಂತ ಮೇಲೆ. ಟಾರ್ ಹಾಕಿದ ಪಾರ್ಕಿಂಗಲ್ಲೂ ಮರಳು ಕಡಲಕಳೆ ಬಿದ್ದಿದ್ಯಾ ನೋಡಿ, ನಾವೊಂದ್ಸಲ ಅದನ್ನ ನೋಡಿಯೂ ಯಾರೋ ಗುಡಿಸಿಲ್ಲ ಪಾಪ ಅಂತ ಅಂದ್ಕೊಂಡು ಮಲಗಿದ್ವಿ, ರಾತ್ರಿ ಒಂದೂವರೆಗೆ ಚಕ್ರದ ಸುತ್ತ ನೀರು.

ನೆಲ

ಕಡಲ ಪಕ್ಕದ ಹುಲ್ಲು ಮೇಲೆ ಹಸಿರು ಒಳಗೆ ಮರಳು. ಗಾಡಿ ಇಳಿಸೋ ಮುಂಚೆ ನಡ್ಕೊಂಡು ಹೋಗಿ ಹಿಮ್ಮಡಿ ಊರಿ ತಿರುಗಿಸಿ ನೋಡಿ, ಹಿಮ್ಮಡಿ ಮುಳುಗಿದ್ರೆ ಚಕ್ರನೂ ಮುಳುಗತ್ತೆ. ಜೊಂಡು ಹುಲ್ಲು ಬೆಳೆದಿದ್ರೆ ಕೆಳಗೆ ನೀರಿದೆ ಅಂತ. ಸಣ್ಣ ಇಳಿಜಾರು ಇದ್ರೆ ಮೇಲ್ಭಾಗದಲ್ಲಿ ನಿಲ್ಸಿ, ಮುಖ ಹೊರಗಿನ ದಾರಿ ಕಡೆಗಿರ್ಲಿ, ರಾತ್ರಿ ಮಳೆ ಬಂದ್ರೆ ಬೆಳಿಗ್ಗೆ ಏರು ಹತ್ತೋ ಕೆಲಸ ಇರಬಾರದು. ಟೈರ್ ಗಾಳಿ ಇಳಿಸಿ ಬೀಚ್ ಮೇಲೆ ಓಡಿಸೋ ವಿಡಿಯೋ ನೋಡಿ ಆಸೆ ಪಡಬೇಡಿ, ಅವು ಫೋರ್ ವೀಲ್ ಡ್ರೈವ್, ಹಿಂದೆ ಒಂದೂವರೆ ಟನ್ ಕ್ಯಾರವಾನ್ ಕಟ್ಕೊಂಡಿಲ್ಲ. ಮರಳುದಿಬ್ಬದ ಹುಲ್ಲಿನ ಮೇಲಂತೂ ಚಕ್ರ ಇಡಲೇಬಾರದು, ಆ ಹುಲ್ಲಿನ ಬೇರೇ ದಿಬ್ಬನ ಹಿಡಿದಿಟ್ಕೊಂಡಿರೋದು.

ಸಮತಟ್ಟು ಇರಬೇಕಾದ್ದು ನಿದ್ದೆಗೊಂದೇ ಅಲ್ಲ, ಗ್ಯಾಸ್ ಫ್ರಿಡ್ಜು ಓರೆಯಾಗಿ ನಿಂತ್ರೆ ತಣ್ಣಗಾಗಲ್ಲ. ಪಕ್ಕದಿಂದ ಪಕ್ಕಕ್ಕೆ ಚಕ್ರದ ಕೆಳಗೆ ರ‍್ಯಾಂಪ್ ಇಟ್ಟು ಸರಿಮಾಡಿ, ಆಮೇಲೆ ಮುಂದೆ ಹಿಂದೆ ಜಾಕಿ ಚಕ್ರದಲ್ಲಿ (ಕ್ಯಾರವಾನ್ ಮೂತಿಯಲ್ಲಿರೋ, ಮೇಲೆ ಕೆಳಗೆ ತಿರುಗಿಸೋ ಪುಟ್ಟ ಚಕ್ರ). ಮೂಲೆ ಕಾಲುಗಳು ಗಾಡಿ ಅಲ್ಲಾಡದ ಹಾಗೆ ಹಿಡಿಯೋಕೆ ಇರೋದು, ಗಾಡಿ ಎತ್ತೋಕಲ್ಲ. ಮೆತ್ತನೆ ನೆಲದಲ್ಲಿ ಅವುಗಳ ಕೆಳಗೊಂದು ಹಲಗೆ ತುಂಡು.

ಅಳಿವೆ, ಹಿನ್ನೀರು, ಮತ್ತೆ ಕಚ್ಚೋವು

ಗಾಳಿಗೆ ಮರೆ ಬೇಕು ಅಂತ ಅಳಿವೆ ಒಳಗೆ ಹೋದ್ರೆ ಅಲ್ಲಿ ಸೊಳ್ಳೆ ಮತ್ತೆ ನೊರಜು ಕಾಯ್ತಾ ಇರ್ತವೆ. ನೊರಜು ತೀರಾ ಸಣ್ಣದು, ಮಾಮೂಲಿ ಸೊಳ್ಳೆ ಪರದೆ ಕಣ್ಣಲ್ಲಿ ನುಗ್ಗತ್ತೆ, ಬೆಳಗಿನ ಜಾವ ಮತ್ತೆ ಮುಸ್ಸಂಜೆ ಜಾಸ್ತಿ. ಆದ್ರೆ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಗಾಳಿ ಇದ್ರೆ ಹಾರೋಕೇ ಆಗಲ್ಲ. ಅಂದ್ರೆ ನಮಗೆ ಬೇಕಿರೋದು ಪೂರ್ತಿ ಮರೆ ಅಲ್ಲ, ಸ್ವಲ್ಪ ಗಾಳಿ ಆಡೋ ಮರೆ. ನಿಂತ ನೀರಿಂದ ದೂರ, ಸಣ್ಣ ದಿಣ್ಣೆ ಮೇಲೆ, ಗಿಡಕ್ಕೆ ಅಂಟಿಕೊಳ್ದೆ. ಉತ್ತರ ಆಸ್ಟ್ರೇಲಿಯಾದಂಥ ಉಪ್ಪುನೀರಿನ ಮೊಸಳೆ ಇರೋ ಕಡೆ ನೀರಿಂದ ಕನಿಷ್ಠ 50 ಮೀಟರ್ ದೂರ ಕ್ಯಾಂಪ್ ಹಾಕಿ, ಮುಸುರೆ ತಟ್ಟೆ ತೊಳೆಯೋಕೂ ದಡಕ್ಕೆ ಹೋಗಬೇಡಿ. ಆಮೆ ಮೊಟ್ಟೆ ಇಡೋ ಬೀಚಾದ್ರೆ ಹೊರಗಿನ ಲೈಟ್ ಆರಿಸಿ, ಮರಿಗಳು ಬೆಳಕು ನೋಡಿ ಸಮುದ್ರ ಬಿಟ್ಟು ಈ ಕಡೆ ಬರ್ತವೆ.

ಸದ್ದು

ಅಲೆ ಸದ್ದು ಕೇಳ್ತಾ ನಿದ್ದೆ ಮಾಡೋದು ಅಂತ ಎಲ್ರೂ ಹೇಳೋದೇ. ಮರಳಿನ ಬೀಚಲ್ಲಿ ಸರಿ, ದುಂಡು ಕಲ್ಲಿನ ದಡ ಆದ್ರೆ ಪ್ರತಿ ಅಲೆ ವಾಪಸ್ ಹೋಗುವಾಗ್ಲೂ ಲಾರಿಯಿಂದ ಜಲ್ಲಿ ಸುರಿದ ಹಾಗೆ, ಉಬ್ಬರದ ಹೊತ್ತಿಗೆ ಇನ್ನೂ ಹತ್ರ ಬರತ್ತೆ. ಮೀನಿನ ಬಂದರು ಹಗಲು ಹೊತ್ತು ಖಾಲಿ ಖಾಲಿ, ಬೆಳಗಿನ ಜಾವ ಮೂರಕ್ಕೆ ಐಸ್ ಲಾರಿ, ಕೂಗಾಟ, ಡೀಸೆಲ್ ಎಂಜಿನ್. ಟ್ರಕ್ ನಿಲ್ಲೋ ಕಡೆ ನಿಂತ್ರೆ ಪಕ್ಕಕ್ಕೆ ಫ್ರೀಜರ್ ಲಾರಿ ಬಂದು ರಾತ್ರಿಯೆಲ್ಲಾ ಗುಂಯ್ ಅಂತಿರತ್ತೆ. ಪೂರ್ತಿ ಕ್ಯಾಂಪ್‌ಸೈಟಲ್ಲೂ ಟಾಯ್ಲೆಟ್ ಬ್ಲಾಕ್, ಗೇಟ್, ಮಕ್ಕಳ ಆಟದ ಜಾಗ ಈ ಮೂರರಿಂದ ನಾಲ್ಕೈದು ಗಾಡಿ ಆಚೆಗೆ ಕೇಳಿ.

ಕರೆಂಟು, ಉಪ್ಪು

ಹುಕಪ್ (ಗಾಡಿಗೆ ಕರೆಂಟು ಎಳ್ಕೊಳ್ಳೋ ಪಾಯಿಂಟು) ಇದೆ ಅಂತ ಬರೆದಿದ್ರೆ ಸಾಲದು, ಎಷ್ಟು ಆಂಪ್ ಅಂತ ಕೇಳಿ. 230 ವೋಲ್ಟ್‌ಗೆ 6 ಆಂಪ್ ಅಂದ್ರೆ 1380 ವಾಟ್, ದೊಡ್ಡ ಕೆಟಲ್ ಒಂದೇ ಹಾಕಿದ್ರೂ ಟ್ರಿಪ್ ಆಗತ್ತೆ. 10 ಆದ್ರೆ ಪರವಾಗಿಲ್ಲ, ಎಸಿ ಓಡಿಸೋದಾದ್ರೆ 16 ಹುಡುಕಿ. ಕೇಬಲ್ ಡ್ರಮ್ಮಿಗೆ ಸುತ್ತಿದ್ದನ್ನ ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟೇ ಬಳಸಿದ್ರೆ ಒಳಗೇ ಕಾದು ಕರಗತ್ತೆ. ಕರೆಂಟಿಲ್ಲದ ರಾತ್ರಿಗಳ ಲೆಕ್ಕ ಬ್ಯಾಟರಿ ಮೇಲೆ, 100 ಆಂಪ್ ಅವರ್ ಲೆಡ್ ಬ್ಯಾಟರಿ ಆದ್ರೆ ಅರ್ಧ ಮಾತ್ರ ನಿಮ್ಮದು ಅಂದ್ಕೊಳ್ಳಿ, ಲಿಥಿಯಂ ಆದ್ರೆ ನೂರಕ್ಕೆ 80 ಭಾಗ ಆರಾಮಾಗಿ ತೆಗೀಬಹುದು. ಸೋಲಾರ್ ನಂಬ್ಕೊಂಡಿದ್ರೆ ಮರದ ನೆರಳು ಬೇಡ, ನೆರಳು ಬೇಕಂದ್ರೆ ಸೋಲಾರ್ ಇಲ್ಲ, ಎರಡರಲ್ಲಿ ಒಂದು.

ಉಪ್ಪಿನ ವಿಷಯ ಯಾರೂ ಹೇಳಲ್ಲ. ಅಲೆ ಒಡೆದು ಹಾರೋ ಉಪ್ಪು ಹನಿ ಮೊದಲ ಕೆಲವು ನೂರು ಮೀಟರಲ್ಲೇ ಜಾಸ್ತಿ ಬೀಳೋದು, ಅದಕ್ಕೇ ಸ್ವಲ್ಪ ಒಳಗೆ ನಿಂತ ಗಾಡಿಗೂ ಮೊದಲ ಸಾಲಲ್ಲಿ ನಿಂತ ಗಾಡಿಗೂ ವರ್ಷದ ಕೊನೇಲಿ ವ್ಯತ್ಯಾಸ ಕಾಣತ್ತೆ. ಪೂರ್ತಿ ಕ್ಯಾಂಪ್‌ಸೈಟ್ ಆರಿಸುವಾಗ ಗಾಡಿ ತೊಳೆಯೋಕೆ ಬಿಡ್ತಾರಾ ಕೇಳಿ, ವಾರಕ್ಕೊಂದ್ಸಲ ಸಿಹಿನೀರಲ್ಲಿ ಅಡಿಭಾಗ, ಬ್ರೇಕ್ ಹತ್ರ, ಮೆಟ್ಟಿಲು, ಕಿಟಕಿ ಹಿಂಜ್ ತೊಳೀಬೇಕು. ಕಾರಿಗೂ ಕ್ಯಾರವಾನಿಗೂ ಮಧ್ಯದ ಲೈಟ್ ಪ್ಲಗ್ಗಿನ ಪಿನ್ನುಗಳಿಗೆ ಸ್ವಲ್ಪ ಗ್ರೀಸ್ ಸವರಿ, ಇಂಡಿಕೇಟರ್ ಕೈ ಕೊಡೋದು ಶುರು ಆಗೋದು ಅಲ್ಲಿಂದಾನೇ.

ತಲುಪೋ ಹೊತ್ತು, ಎರಡನೇ ಜಾಗ

ಕತ್ತಲಲ್ಲಿ ಜಾಗ ಆರಿಸೋದು ಅಂದ್ರೆ ಕಣ್ಣು ಮುಚ್ಚಿ ತರಕಾರಿ ಕೊಂಡ ಹಾಗೆ. ಮೇಲೆ ಹೇಳಿದ ಗೆರೆ, ಮರ, ಬಿರುಕು, ಜೊಂಡು ಯಾವುದೂ ಕತ್ತಲಲ್ಲಿ ಕಾಣಲ್ಲ. ಅದಕ್ಕೆ ಮಧ್ಯಾಹ್ನ ಎರಡಕ್ಕೆ ನಾವು ಎಲ್ಲೇ ಇದ್ರೂ ನಿಲ್ಸಿ ಕೂತು ಇವತ್ತಿನ ಜಾಗ ಪಕ್ಕಾ ಮಾಡ್ತೀವಿ: ಒಂದನೇ ಜಾಗ, ಅದರಿಂದ 30 ಕಿಲೋಮೀಟರ್ ದೂರದೊಳಗೆ ಎರಡನೇದು, ಮೂರನೇದು ಅಂದ್ರೆ ಚಂದ ಇಲ್ದಿದ್ರೂ ಗಟ್ಟಿ ನೆಲ ಇದ್ದು ಮಲಗೋಕೆ ಬಿಡೋ ಯಾವುದಾದ್ರೂ ಜಾಗ, ಇದು ಸಮುದ್ರದಿಂದ ಒಳಗಡೆ ಇದ್ರೆ ಒಳ್ಳೇದು, ಯಾಕಂದ್ರೆ ಒಂದನೇದು ಕೈಕೊಡೋದು ಬಹಳ ಸಲ ಗಾಳಿಯಿಂದ, ಆಗ ಎರಡನೇದೂ ದಡದಲ್ಲೇ ಇದ್ರೆ ಅದೂ ಕೈಕೊಡತ್ತೆ. ರಾತ್ರಿ ನಿಲ್ಲೋಕೆ ಅನುಮತಿ ಇದೆಯಾ ಅನ್ನೋದನ್ನ ಆ್ಯಪ್ ಮೇಲೆ ಬಿಡಬೇಡಿ, ಬೋರ್ಡ್ ಓದಿ, ಪಾರ್ಕಿಂಗ್ ಮಾಡ್ಬಹುದು ಆದ್ರೆ ಕ್ಯಾಂಪಿಂಗ್ ಬೇಡ ಅಂತ ಬಹಳ ಕಡೆ ಇರತ್ತೆ, ಅಂದ್ರೆ ಒಳಗೆ ಮಲಗಿ ಆದ್ರೆ ಕುರ್ಚಿ, ಆನಿಂಗ್, ಮೂಲೆ ಕಾಲು ಹೊರಗೆ ಬರಬಾರದು ಅನ್ನೋ ಅರ್ಥದಲ್ಲಿ. ಕೆಲವು ಕಡೆ ಒಳಗೆ ಮಲಗೋದೂ ತಪ್ಪೇ. ಅನುಮಾನ ಇದ್ರೆ ಪಕ್ಕದಲ್ಲಿ ಯಾರನ್ನಾದ್ರೂ ಕೇಳಿ, ಬೆಳಿಗ್ಗೆ ನಾಯಿ ವಾಕಿಂಗ್ ಕರ್ಕೊಂಡು ಬರೋರಿಗೆ ಆ ಜಾಗದ ಜಾತಕನೇ ಗೊತ್ತಿರತ್ತೆ.

ತಲುಪಿದ ಮೇಲೆ ಗಾಡಿ ನಿಲ್ಸಿ ತಕ್ಷಣ ಬಿಚ್ಚಬೇಡಿ. ಹತ್ತು ನಿಮಿಷ ಸುತ್ತ ನಡೀರಿ, ಎಂಜಿನ್ ಆಫ್ ಮಾಡಿ ಸುಮ್ಮನೆ ಕೂತು ಕೇಳಿ. ಬಿಯರ್ ಬಾಟಲಿ ಚೂರು, ಟೈರ್ ಸುಟ್ಟ ಗುರುತು ಇದ್ರೆ ಶನಿವಾರ ರಾತ್ರಿ ಅಲ್ಲೇನಾಗತ್ತೆ ಅಂತ ಕೇಳೋದೇ ಬೇಡ. ನಮ್ಮನೇಲಿ ಒಂದು ರೂಲ್ ಇದೆ, ಇಬ್ರಲ್ಲಿ ಒಬ್ರಿಗೆ ಜಾಗ ಸರಿ ಅನ್ನಿಸ್ಲಿಲ್ಲ ಅಂದ್ರೆ ಕಾರಣ ಕೇಳೋ ಹಾಗಿಲ್ಲ, ಹೊರಡೋದೇ. ಎಲ್ಲಾ ಸರಿ ಇದೆ ಅಂತಾದ್ರೆ ಗಾಡಿ ಗಿಡದ ಸಾಲಿನ ಹಿಂದೆ ಬಿಟ್ಟು ಎರಡು ಕುರ್ಚಿ ಫ್ಲಾಸ್ಕ್ ಹಿಡ್ಕೊಂಡು ದಡಕ್ಕೆ ನಡ್ಕೊಂಡು ಹೋಗಿ, ವಾಪಸ್ ಬರೋಕೆ ಟಾರ್ಚ್ ಮರೀಬೇಡಿ.